ಪದ್ಮಾಳ ಕೈ, ನನ್ನ ಥರ್ಮಾಮೀಟರ್

ಪದ್ಮಾ, ಅವತ್ತು ನಿನ್ನ ಕೈ ಸರಿಯಾಗಿತ್ತು. ತಪ್ಪಿದ್ದದ್ದು ನನ್ನ ಥರ್ಮಾಮೀಟರ್. ಅದು ಗೊತ್ತಿದ್ದೂ ನಿನ್ನಪ್ಪನ ಎದುರಿಗೆ, ಹೆಡ್‌ಮಾಸ್ತರರ ಎದುರಿಗೆ, ನಾನು ಸುಳ್ಳು ಹೇಳಿದೆ. ಹದಿನಾಲ್ಕು ವರ್ಷ ಈ ಮಾತನ್ನು ನುಂಗಿಕೊಂಡು ಬಂದಿದ್ದೇನೆ — ಇನ್ನು ಆಗುವುದಿಲ್ಲ.

ನೀನಾಗ ಏಳನೆಯ ತರಗತಿ. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನನಗೆ ಒಂದೇ ಹುಚ್ಚು: ವಿಜ್ಞಾನವನ್ನು ಓದಿ ಹೇಳಬಾರದು, ಮಕ್ಕಳ ಕಣ್ಣೆದುರಿಗೆ ಮಾಡಿ ತೋರಿಸಬೇಕು. ಉಷ್ಣ ಮತ್ತು ತಾಪದ ಪಾಠಕ್ಕೆ ದಿನಕ್ಕೊಂದು ಬಗೆಯ ನೀರು ಕಾಯಿಸುತ್ತಿದ್ದೆ. ನೀನು ರೇಷ್ಮೆಗೆ ಬಣ್ಣ ಹಾಕುವವರ ಮಗಳು. ಕೈ ಅದ್ದಿ ಡಿಗ್ರಿ ಹೇಳಿದರೆ ಒಂದೆರಡು ಆಚೀಚೆ, ಅಷ್ಟೆ. ಮಕ್ಕಳೆಲ್ಲ ನನ್ನನ್ನು ಬಿಟ್ಟು ನಿನ್ನ ಸುತ್ತ ನಿಲ್ಲತೊಡಗಿದರು. ಹೊಟ್ಟೆಕಿಚ್ಚೆಂದರೆ ದೊಡ್ಡ ಮಾತಾದೀತು... ಆದರೆ ಹೊಟ್ಟೆಕಿಚ್ಚೇ ಅದು.

ಅದಕ್ಕೇ ಮೂರು ಬೋಗುಣಿ ಇಟ್ಟೆ. ಒಂದರಲ್ಲಿ ಬಿಸಿ, ಒಂದರಲ್ಲಿ ತಣ್ಣಗಿನದು, ನಡುವೆ ಎರಡೂ ಬೆರೆಸಿದ ನೀರು. ಒಂದು ಕೈ ಬಿಸಿಯಲ್ಲಿ, ಇನ್ನೊಂದು ತಣ್ಣೀರಲ್ಲಿ ಇಟ್ಟಿದ್ದು ಆಮೇಲೆ ಎರಡನ್ನೂ ನಡುವಿನದರಲ್ಲಿ ಅದ್ದಿದರೆ, ಒಂದೇ ನೀರು ಒಂದು ಕೈಗೆ ತಣ್ಣಗೆ, ಇನ್ನೊಂದಕ್ಕೆ ಬೆಚ್ಚಗೆ. ಮಕ್ಕಳು ಬೆರಗಾದರು. ಕೊನೆಗೆ ಬಿಸಿನೀರಿಗೆ ಥರ್ಮಾಮೀಟರ್ ಇಳಿಸಿ ನಲವತ್ತು ಎಂದೆ. ಅದರಲ್ಲಿ ಕೈ ಅದ್ದಿದ್ದ ನೀನು ಎದ್ದು ನಿಂತೆ.

"ನಲವತ್ತಲ್ಲ ಟೀಚರ್, ಜಾಸ್ತಿ ಐತೆ. ಇಂಥಾ ನೀರಿಗೆ ನಮ್ಮಪ್ಪ ರೇಷ್ಮೆ ಇಳಿಸಲ್ಲ, ಬಣ್ಣ ಮಚ್ಚೆ ಮಚ್ಚೆ ಹಿಡಿತೈತೆ."

"ಈಗ ತಾನೇ ನೋಡಿದೆಯಲ್ಲ? ಕೈ ಸುಳ್ಳು ಹೇಳುತ್ತೆ ಕಣೆ, ಇದು ಹೇಳಲ್ಲ" ಎಂದೆ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಅಷ್ಟಕ್ಕೇ ಬಿಡಲಿಲ್ಲ — ಮನೆಯ ಬಣ್ಣದ ಕೊಪ್ಪರಿಗೆಯಲ್ಲೂ ಅದ್ದಿ ನೋಡು ಎಂದು ಥರ್ಮಾಮೀಟರನ್ನೇ ನಿನ್ನ ಕೈಗೆ ಕೊಟ್ಟು ಕಳಿಸಿದೆ. ಅವತ್ತು ಶನಿವಾರ.

ಸೋಮವಾರ ಬೆಳಿಗ್ಗೆ ನೀನು ಅದನ್ನು ನನ್ನ ಮೇಜಿನ ಮೇಲಿಟ್ಟು ಹೋದೆ. ಎಂಟನೆಯ ತರಗತಿಗೆ ತೋರಿಸಲು ಜ್ಯೂಸ್ ಅಂಗಡಿಯಿಂದ ಐಸು ತರಿಸಿದ್ದೆ. ಕರಗುವ ಐಸಿನಲ್ಲಿ ಅದ್ದಿದರೆ ಸೊನ್ನೆ ತೋರಿಸಬೇಕು. ಇದು ಸೊನ್ನೆಗಿಂತ ಎಂಟು ಡಿಗ್ರಿ ಕೆಳಗೆ ನಿಂತಿತು. ತಿರುಗಿಸಿ ನೋಡಿದೆ. ಗಾಜಿನ ನಳಿಕೆ ಡಿಗ್ರಿಯ ಅಂಕಿಗಳಿರುವ ಪಟ್ಟಿಯ ಮೇಲೆ ಕೆಳಕ್ಕೆ ಜಾರಿತ್ತು. ಶುಕ್ರವಾರ ಬಸ್ಸಿನಲ್ಲಿ ಚೀಲ ಕೆಳಗೆ ಬಿದ್ದಾಗ ಗಾಜು ಒಡೆದಿಲ್ಲವಲ್ಲ, ಸದ್ಯ ಎಂದುಕೊಂಡು ಸುಮ್ಮನಾಗಿದ್ದೆ.

ಮಧ್ಯಾಹ್ನ ನಿನ್ನಪ್ಪ ಬಂದರು. ಕೈಯಲ್ಲಿ ಒಂದು ಲಡಿ ರೇಷ್ಮೆ ನೂಲು — ಕುಂಕುಮ ಕೆಂಪು, ಎಲ್ಲೆಡೆ ಮಚ್ಚೆ ಮಚ್ಚೆ. ಭಾನುವಾರ ಅವರು ಬಣ್ಣದ ಪುಡಿ ತರಲು ಹೋದಾಗ ಕೊಪ್ಪರಿಗೆಯನ್ನು ನಿನಗೆ ಒಪ್ಪಿಸಿದ್ದರಂತೆ. ನೀರು ಕೈಗೆ ಬಿಸಿ ಎನಿಸಿತ್ತಂತೆ. ಆದರೂ ಟೀಚರ್ ಕೈ ನಂಬಬೇಡ ಎಂದಿದ್ದರು ಎಂದು, ಮೀಟರಿನಲ್ಲಿ ನಲವತ್ತು ನೋಡಿ ನೂಲು ಇಳಿಸಿದೆಯಂತೆ. ನೀನು ಅವರ ಹಿಂದೆ ನಿಂತಿದ್ದೆ.

"ಅಮ್ಮಾ, ಮೀಟ್ರು ತಪ್ಪಾ, ಇವಳು ನೋಡಿದ್ದು ತಪ್ಪಾ? ನೀವು ಹೆಂಗಂತೀರೋ ಹಂಗೆ" ಎಂದರು.

ಹೆಡ್‌ಮಾಸ್ತರರು ಕುರ್ಚಿಯಲ್ಲಿ ಕೂತಿದ್ದರು. ಕುದಾಪುರದ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿಗಳೆದುರು ಪ್ರಯೋಗ ಮಾಡಿ ತೋರಿಸುವ ಶಿಕ್ಷಕರ ಪಟ್ಟಿಗೆ ಅವರು ನನ್ನ ಹೆಸರು ಬರೆದಿದ್ದು ಅದೇ ವಾರ. ಆ ಕ್ಷಣದಲ್ಲಿ ನನ್ನ ತಲೆಯಲ್ಲಿದ್ದದ್ದು ಆ ಪಟ್ಟಿ. ನೀನಲ್ಲ.

"ಮೀಟ್ರು ಸರಿಯಾಗೇ ಐತೆ ಯಜಮಾನ್ರೆ. ನೋಡೋದ್ರಲ್ಲಿ ಅವಳೇ ತಪ್ಪಿದ್ದಾಳೆ" ಎಂದೆ.

ನಿನ್ನಪ್ಪ ತಮ್ಮ ಮನೆಮಾತು ತೆಲುಗಿನಲ್ಲಿ ನಿನ್ನನ್ನು ಏನೋ ಗದರಿದರು. ನೀನು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದೆ. ಸಿಟ್ಟಿನಿಂದಲ್ಲ. ನಾನು ಹೇಳಿದ್ದನ್ನು ನೀನು ನಂಬಿಬಿಟ್ಟಿದ್ದೆ — ಅದೇ ನನ್ನನ್ನು ಇವತ್ತಿಗೂ ಸುಡುವುದು. ಆಮೇಲೆ ನೀನು ಬೋಗುಣಿಯ ಹತ್ತಿರ ಬರಲಿಲ್ಲ. ನಾನು ಕುದಾಪುರಕ್ಕೆ ಹೋದೆ, ಚಪ್ಪಾಳೆ ತಟ್ಟಿಸಿಕೊಂಡು ಬಂದೆ. ಛೀ!

ಕಳೆದ ತಿಂಗಳು ಮೊಳಕಾಲ್ಮೂರು ಬಸ್‌ಸ್ಟ್ಯಾಂಡಿನಲ್ಲಿ ನೀನು ಸಿಕ್ಕೆ. ಸೊಂಟದ ಮೇಲೆ ಆರು ತಿಂಗಳ ಮಗು. ಚೆನ್ನಾಗಿದ್ದೀಯಾ, ಮಗುವಿಗೆ ಎರೆಯುವವರು ಯಾರು ಎಂದು ಸುಮ್ಮನೆ ಮಾತಿಗೆ ಕೇಳಿದೆ. ನೀನು ನಗುತ್ತಲೇ ಹೇಳಿದೆ:

"ನೀರಿನ ಹದ ನೋಡಾಕೆ ನಮ್ಮತ್ತೇನೇ ಬರಬೇಕು ಟೀಚರ್. ನನ್ನ ಕೈ ನಂಬಂಗಿಲ್ಲ, ನಿಮಗೇ ಗೊತ್ತಲ್ಲ."

ಆಗಲಾದರೂ ಹೇಳಬಹುದಿತ್ತು. ಮಗುವಿನ ಕೆನ್ನೆ ಮುಟ್ಟಿ, ಬಸ್ಸು ಬಂತು ಎಂದು ಹತ್ತಿಬಿಟ್ಟೆ. ಬಾಯಿ ಜೋರಿನ ಹೆಂಗಸು ಎಂದು ಹೆಸರು ಪಡೆದವಳು ನಾನು. ಆಡಬೇಕಾದ ಒಂದು ಮಾತಿಗೆ ಮಾತ್ರ ಬಾಯಿ ಬರಲಿಲ್ಲ.

ಆ ಥರ್ಮಾಮೀಟರ್ ಇನ್ನೂ ನನ್ನ ಬೀರುವಿನಲ್ಲಿದೆ. ಈ ಭಾನುವಾರ ಅದನ್ನು ತೆಗೆದುಕೊಂಡು, ಒಂದು ಡಬ್ಬಿ ಐಸಿನ ಜೊತೆ, ನಿನ್ನಪ್ಪನ ಮನೆಗೆ ಬರುತ್ತೇನೆ. ನಿನ್ನ ಅತ್ತೆಯನ್ನೂ ಕರೆ. ಸೊನ್ನೆಯ ಕೆಳಗೆ ನಿಲ್ಲುವ ಆ ಗೆರೆಯನ್ನು ಎಲ್ಲರೂ ಕಣ್ಣಾರೆ ನೋಡಲಿ. ಆಮೇಲೆ ಅವರು ನನಗೆ ಏನೆಂದರೂ ಅನ್ನಲಿ, ಕೇಳಿಸಿಕೊಳ್ಳುತ್ತೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ನಾನು ಬರುವ ದಿನ ಮಗುವಿಗೆ ಎರೆಯುವ ನೀರಿನ ಹದವನ್ನು ಮಾತ್ರ ನೀನೇ ನೋಡು, ಪದ್ಮಾ. ನಿನ್ನ ಕೈಯಿಂದ.