ವೇದಿಕೆಗೆ ಹಾಸದ ಕಂಬಳಿ

ನಮ್ಮ ಕಾಲೇಜಿನಲ್ಲಿ ವರ್ಷಕ್ಕೊಂದು ದಿನ ಎಲ್ಲರೂ ತಮ್ಮ ತಮ್ಮ ಮನೆಯವರಂತೆ ಕಾಣಬೇಕು. ಅದಕ್ಕೆ ಎಥ್ನಿಕ್ ಡೇ ಎನ್ನುತ್ತಾರೆ. ಹುಡುಗರು ಪಂಚೆ ಉಟ್ಟು ಮೇಲೆ ಬೆಲ್ಟು ಬಿಗಿಯುತ್ತಾರೆ. ಹುಡುಗಿಯರು ಅಮ್ಮನ ಸೀರೆಗೆ ಪಿನ್ನು ಚುಚ್ಚಿ ಹರಿಯುತ್ತಾರೆ. ನಾನು ಪ್ರತಿ ವರ್ಷ ಒಂದು ಹತ್ತಿ ಸೀರೆ ಉಟ್ಟು ಹಿಂದಿನ ಸಾಲಿನಲ್ಲಿ ಕೂತು ಬರುತ್ತಿದ್ದೆ. ಎಂ.ಎ. ಕೊನೆಯ ವರ್ಷ ಮಾತ್ರ ಯಾರೋ ನನ್ನ ಹೆಸರನ್ನು ವೇದಿಕೆಯ ಮೇಲೆ ನಡೆಯುವವರ ಗುಂಪಿಗೆ ಸೇರಿಸಿಬಿಟ್ಟರು. ಒಬ್ಬೊಬ್ಬರು ಒಂದೊಂದು ಸಮುದಾಯ ಆಗಬೇಕಂತೆ.

ಹಂಚಿಕೆ ಮಾಡಿದವನು ಚನ್ನಪಟ್ಟಣದಿಂದ ಬರುವ ಕಾಮರ್ಸ್ ಹುಡುಗ. ಒಳ್ಳೆಯವನೇ. ಕೈಯಲ್ಲಿ ಮೈಕು ಇಲ್ಲದಾಗಲೂ ಮೈಕು ಇದ್ದಂತೆಯೇ ಮಾತನಾಡುತ್ತಿದ್ದ.

“ನೀನು ಹಳ್ಳಿ ಹುಡುಗಿ,” ಎಂದ ನನಗೆ. “ಲಂಗ ದಾವಣಿ, ಸೊಂಟದಲ್ಲಿ ಬಿಂದಿಗೆ. ಡ್ರೆಸ್ಸು ಬಾಡಿಗೆಗೆ ತರಿಸ್ತೀವಿ.” ಆಮೇಲೆ ನನ್ನ ಪಕ್ಕದಲ್ಲಿದ್ದ ಗೆಳತಿಯ ಕಡೆ ತಿರುಗಿದ. “ನೀನು ಮುಸ್ಲಿಂ. ಶರಾರಾ ಐತಲ್ಲಾ ಮನೇಲಿ?”

ಅವಳು ರಾಮನಗರದ ನಮ್ಮ ಬೀದಿಯವಳೇ. ಅವಳ ಅಪ್ಪ ರೇಷ್ಮೆ ನೂಲು ತೆಗೆಯುವ ಘಟಕ ನಡೆಸುತ್ತಾರೆ.

“ಐತೆ. ಆದ್ರೆ ನಾನು ರೇಷ್ಮೆ ಸೀರೆ ಉಡೋಳು,” ಎಂದಳು.

“ಅದು ಬೇರೆಯವ್ರಿಗೆ ಕೊಟ್ಟಾಯ್ತು ಕಣಮ್ಮ.”

“ಅರೆ, ಅದ್ರ ನೂಲು ಎಲ್ಲಿಂದ ಬಂತು ಕೇಳು ಅವರನ್ನ. ಗೂಡು ಬೇಯಿಸಿದ ವಾಸ್ನೆ ನನ್ನ ತಲೆಗೂದಲಲ್ಲೂ ಐತೆ. ಮೂಸಿ ನೋಡ್ತೀಯಾ?”

ಎಲ್ಲರೂ ನಕ್ಕರು. ಅವನು ಕೈಮುಗಿದ. ಆ ನಗುವಿನ ನಡುವೆಯೇ ನಾನು, ನನ್ನ ಬಟ್ಟೆ ನಾನೇ ತರುತ್ತೇನೆ, ಕಂಬಳಿ ಹೊದ್ದು ಬರುತ್ತೇನೆ ಎಂದೆ. ಅವನಿಗೆ ಅದು ತುಂಬ ಹಿಡಿಸಿತು.

ಮನೆಯಲ್ಲಿ ಅಮ್ಮನಿಗೆ ಹಿಡಿಸಲಿಲ್ಲ.

ನಾವು ಕುರುಬರು. ಅಮ್ಮನ ತವರು ಕೋಡಿಹಳ್ಳಿಯಿಂದ ಇನ್ನೂ ಒಳಗೆ. ಅಲ್ಲಿ ಮಾವ ಇಂದಿಗೂ ಕುರಿ ಸಾಕುತ್ತಾನೆ, ರಾಗಿ ಬೆಳೆಯುತ್ತಾನೆ. ಆದರೆ ರಾಮನಗರದ ನಮ್ಮ ಬೀದಿಗೆ ಇದು ಗೊತ್ತಿರಲಿಲ್ಲ. ಬಾಡಿಗೆಗೆ ಬಂದ ಹೊಸತರಲ್ಲಿ ಮನೆಯೊಡತಿ “ಗೌಡ್ರಾ?” ಎಂದು ಕೇಳಿದಾಗ ಅಮ್ಮ ತಲೆಯಾಡಿಸಿದ್ದಳು. ತೀರಾ ಸುಳ್ಳೂ ಅಲ್ಲ, ತಾತನನ್ನು ಊರಲ್ಲಿ ಗೌಡ ಎಂದೇ ಕರೆಯುತ್ತಿದ್ದರು. ಆದರೆ ಕೇಳಿದವರು ಯಾವ ಅರ್ಥದಲ್ಲಿ ಕೇಳಿದರು, ಯಾವ ಅರ್ಥದಲ್ಲಿ ತಿಳಿದುಕೊಂಡರು ಎಂಬುದು ಅಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಆಮೇಲೆ ತಿದ್ದುವ ಸಂದರ್ಭ ಬರಲಿಲ್ಲ. ಬಂದಾಗಲೂ ಅವಳು ತಿದ್ದಲಿಲ್ಲ.

“ಬ್ಯಾಡ ಕಣವ್ವ,” ಎಂದಳು. “ಇಸ್ಕೂಲಲ್ಲಿ ನನ್ನ ಪಕ್ಕ ಕೂತಿದ್ದೋಳು ಕುರಿ ವಾಸ್ನೆ ಅಂತ ಎದ್ದೋಗಿ ಬೇರೆ ಕಡೆ ಕೂತ್ಲು. ವರ್ಷ ಪೂರ್ತಿ ಆ ಮಣೆ ಮ್ಯಾಲೆ ನಾನೊಬ್ಳೇ. ನಿಂಗೆ ಅದು ಬೇಕಾ?”

“ಮೂಗು ಅವರದು ಅಮ್ಮ. ನಾವು ಯಾಕೆ ಮುಚ್ಕೋಬೇಕು?”

“ಓದಿರೋ ಮಾತು ಆಡ್ಬ್ಯಾಡ.”

ನಾನು ಭಾನುವಾರ ಬಸ್ಸು ಹತ್ತಿ ಅಜ್ಜಿಯ ಊರಿಗೆ ಹೋದೆ. ಅಮ್ಮನ ಮದುವೆಗೆಂದು ಅಜ್ಜಿ ತಾನೇ ಉಣ್ಣೆ ನೂತು, ನೇಯಿಸಿ ಇಟ್ಟಿದ್ದ ಕರಿ ಕಂಬಳಿ ಅಲ್ಲಿತ್ತು. ನಮ್ಮಲ್ಲಿ ಮದುವೆಯಲ್ಲಿ, ದೇವರ ಕಾರ್ಯದಲ್ಲಿ ಕಂಬಳಿ ಹಾಸುತ್ತಾರೆ. ಹಾಸಿದ ಮೇಲೆ ಅದು ಬಟ್ಟೆಯಲ್ಲ, ಗದ್ದುಗೆ. ಅದರ ಮೇಲೆ ಕೂತು ಸುಳ್ಳಾಡಬಾರದು ಎನ್ನುತ್ತಾರೆ. ಅಮ್ಮ ಪಾತ್ರೆ, ಟ್ರಂಕು, ಮಂಚ ಎಲ್ಲವನ್ನೂ ರಾಮನಗರಕ್ಕೆ ತಂದವಳು ಇದೊಂದನ್ನು ತರಲಿಲ್ಲ.

ಹುಳು ಹಿಡಿಯದಿರಲೆಂದು ಮಡಿಕೆಗಳಲ್ಲಿ ಇಟ್ಟಿದ್ದ ಬೇವಿನ ಸೊಪ್ಪು ಕೊಡವಿ ಅಜ್ಜಿ ಕಂಬಳಿಯನ್ನು ನನ್ನ ತೊಡೆಗೆ ಹಾಕಿದಳು. “ತಗಂಡೋಗು. ಹೊದ್ಕೋ, ಹಾಸ್ಕೋ, ನಿನ್ನಿಷ್ಟ. ಮೆಟ್ಟು ಹಾಕಂಡು ಮಾತ್ರ ಯಾರೂ ತುಳೀಕೂಡ್ದು. ನಿಮ್ಮವ್ವಂಗೆ ಹೇಳ್ಬುಟ್ಟು ತಗಂಡೋಗ್ತಿದ್ದೀಯೋ?”

“ಹೇಳಿದ್ದೀನಿ. ಬೇಡ ಅಂದಳು.”

“ಅಂತಾಳೆ,” ಎಂದಳು ಅಜ್ಜಿ. ಕಂಬಳಿಯ ಅಂಚನ್ನು ಒಸಿ ಹೊತ್ತು ಹಿಡಿದುಕೊಂಡೇ ಇದ್ದು ಆಮೇಲೆ ಬಿಟ್ಟಳು.

ಎಥ್ನಿಕ್ ಡೇ ಬೆಳಿಗ್ಗೆ ಕಾಲೇಜಿನಲ್ಲೇ ಕೊಪ್ಪೆ ಹಾಕಿಕೊಂಡೆ. ಮಳೆಗೆ ಹೋಗುವ ಕುರಿಗಾಹಿಗಳು ಹಾಕುತ್ತಾರಲ್ಲ, ಕಂಬಳಿಯ ಮೂಲೆ ಮಡಚಿ ತಲೆಗೆ ಗೋಪುರದಂತೆ ಸಿಕ್ಕಿಸಿ ಬೆನ್ನ ಮೇಲೆ ಇಳಿಬಿಡುವುದು, ಹಾಗೆ. ಉಣ್ಣೆ ಕತ್ತನ್ನು ಚುಚ್ಚುತ್ತಿತ್ತು. ಸೆಕೆಗೆ ಬೆವರು ಹುಬ್ಬಿನವರೆಗೆ ಇಳಿದಿತ್ತು.

ಮೈಕಿನ ಹುಡುಗ ಕಂಬಳಿಯನ್ನು ಮುಟ್ಟಿ ನೋಡಿದ. ಬಾಡಿಗೆಯ ರತ್ನಗಂಬಳಿ ವೇದಿಕೆಯ ಅರ್ಧಕ್ಕೇ ಮುಗಿದಿತ್ತು. ಅವನಿಗೆ ಥಟ್ಟನೆ ಹೊಳೆಯಿತು.

“ಮೇಡಂ, ಇದನ್ನೇ ಮುಂದಕ್ಕೆ ಹಾಸ್ಬುಡಣ! ಕರಿ ಕಂಬಳಿ ಮೇಲೆ ಎಲ್ಲಾ ಜಾತಿ, ಎಲ್ಲಾ ಧರ್ಮ ನಡ್ಕಂಡು ಬತ್ತಾವ್ರೆ. ಥೀಮ್ ಹೆಂಗೈತೆ?”

ಉಸ್ತುವಾರಿಯ ಅಧ್ಯಾಪಕಿಗೂ ಇಷ್ಟವಾಯಿತು. ಒಳ್ಳೆಯ ಅರ್ಥ ಬರುತ್ತದೆ ಎಂದರು.

“ಹಾಸುತ್ತೇನೆ. ಎಲ್ಲರೂ ಚಪ್ಪಲಿ ಬಿಟ್ಟು ನಡೆಯಲಿ,” ಎಂದೆ.

“ಹೀಲ್ಸ್ ಇಲ್ದೆ ಸೀರೆ ನೆಲ ಗುಡಿಸ್ತದೆ ಕಣೇ,” ಎಂದಳು ಮಾಗಡಿಯ ಹುಡುಗಿಯೊಬ್ಬಳು.

“ಒಂದು ಕಂಬಳಿಗೆ ಇಷ್ಟೊಂದಾ? ಒಗೆಸಿ ಕೊಡ್ತೀವಿ ಬುಡು,” ಎಂದ ಅವನು.

“ನಾವು ಕುರುಬರು. ಇದು ನಮ್ಮ ದೇವರು ಕೂರುವ ಜಾಗ. ನನ್ನ ಅಮ್ಮನ ಮದುವೆ ಇದರ ಮೇಲೆ ಆಗಿದೆ.”

ರಾಮನಗರಕ್ಕೆ ಬಂದ ಮೇಲೆ ಆ ಪದವನ್ನು ನಾನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಧ್ವನಿ ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು.

“ಅಯ್ಯೋ, ನಾನು ನಿಮ್ಮನ್ನ ನಮ್ಮೋರು ಅಂದ್ಕಂಡಿದ್ದೆ!” ಎಂದಳು ಮಾಗಡಿಯವಳು. ಆಮೇಲೆ ಬಳೆ ಸರಿಮಾಡಿಕೊಂಡಳು.

“ಜಾತಿಗೀತಿಯೆಲ್ಲ ಇಲ್ಲಿ ಬೇಡಮ್ಮ. ಇದು ಕಲ್ಚರಲ್ ಪ್ರೋಗ್ರಾಂ,” ಎಂದರು ಅಧ್ಯಾಪಕಿ, ಸಿಟ್ಟಿಲ್ಲದೆ.

“ಕಂಬಳಿ ಬೇಕು, ಕಂಬಳಿಯವರ ಹೆಸರು ಬೇಡ ಅಂದರೆ ಹೇಗೆ ಮೇಡಂ?”

ಅವರು ವಾಚು ನೋಡಿಕೊಂಡರು. ಮೈಕಿನವನು ಪಟ್ಟಿಯ ಮೇಲೆ ಗೀಟು ಎಳೆದು, “ಸರಿ, ಹಳ್ಳಿ ಕ್ಯಾನ್ಸಲ್,” ಎಂದ. “ಆಗಲಿ,” ಎಂದು ನಾನು ಕೆಳಗಿಳಿದು ಮೊದಲ ಸಾಲಿನಲ್ಲಿ ಕೂತೆ. ಕೊಪ್ಪೆ ತೆಗೆಯಲಿಲ್ಲ. ಹಿಂದಿನವರು ಕಾಣುತ್ತಿಲ್ಲ ಎಂದು ಗೊಣಗಿದರು. ಅವರಿಗೆ ಜಾಗ ಬದಲಿಸಲು ಹೇಳಿದೆ. ಗೆಳತಿ ಗಿಳಿಹಸಿರು ರೇಷ್ಮೆ ಸೀರೆಯಲ್ಲಿ, ಅದರ ಸೆರಗನ್ನೇ ತಲೆಯ ಮೇಲೆ ಎಳೆದುಕೊಂಡು ನಡೆದು ಬಂದಳು. ಅವಳನ್ನು ಏನೆಂದು ಪರಿಚಯಿಸಬೇಕೋ ತಿಳಿಯದೆ ಮೈಕಿನವನು, “ಮತ್ತು ಈಗ... ರಾಮನಗರ!” ಎಂದುಬಿಟ್ಟ. ನನ್ನ ಕೈ ನೋಯುವಷ್ಟು ಚಪ್ಪಾಳೆ ತಟ್ಟಿದೆ.

ಮಧ್ಯಾಹ್ನ ಇಬ್ಬರೂ ನಡೆದೇ ಮನೆಗೆ ಹೊರಟೆವು. ಬಸ್ ನಿಲ್ದಾಣದ ಬಳಿ ಕಂಡಕ್ಟರೊಬ್ಬ, “ಯಾವೂರಲ್ಲವ್ವ ಮಳೆ?” ಎಂದ.

“ತೆಗಿಯೇ ಅದನ್ನ. ಒಳಗೇ ಬೆಂದು ಹೋಗ್ತೀಯ, ನಮ್ಮ ಗೂಡಿನ ಥರ,” ಎಂದಳು ಗೆಳತಿ.

“ಬೆಂದರೆ ನೂಲು ತೆಗಿ.”

“ನಿನ್ನಿಂದ ನೂಲು ಬರಲ್ಲ. ಬರೀ ಗಂಟು.”

ನಮ್ಮ ಬೀದಿ ತಿರುಗಿದಾಗ ಅಮ್ಮ ನಲ್ಲಿಯ ಹತ್ತಿರ ನಿಂತಿದ್ದಳು. ಜೊತೆಗೆ ಮನೆಯೊಡತಿ, ಎದುರು ಮನೆಯ ತಮಿಳು ಮಾತನಾಡುವ ಅಜ್ಜಿ, ಗೆಳತಿಯ ಅಮ್ಮ. ಎಲ್ಲರೂ ನನ್ನತ್ತ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು, “ಕಾಲೇಜಲ್ಲಿ ವೇಷ ಹಾಕ್ಸವ್ರೆ ನೋಡಿ.”

“ವೇಷ ಅಲ್ಲ,” ಎಂದೆ. “ಅಮ್ಮನ ಮದುವೆ ಕಂಬಳಿ. ಅಜ್ಜಿ ನೂತದ್ದು. ನಾವು ಕುರುಬರು.”

ಮನೆಯೊಡತಿ ಅಮ್ಮನನ್ನು ನೋಡಿದರು. ಅಮ್ಮ ಅರ್ಧ ತುಂಬಿದ ಬಿಂದಿಗೆಯನ್ನೇ ಎತ್ತಿಕೊಂಡು ಒಳಗೆ ಹೋದಳು.

“ಬೀದೀಲಿ ನನ್ನ ಮಾನ ಕಳದ್ಬುಟ್ಟೆ,” ಎಂದಳು ಅಡುಗೆಮನೆಯಿಂದ.

“ಮಾನ ಕಳೆಯೋದು ಯಾರು? ಅಜ್ಜಿಯಾ?”

“ಇಷ್ಟು ವರ್ಷದಿಂದ ನಾನು ಇಲ್ಲಿ ಬಾಳಿದ್ದೀನಿ. ನೀನು ಒಂದು ಗಳಿಗೇಲಿ...” ಬಿಂದಿಗೆ ಕೆಳಗಿಟ್ಟ ಸದ್ದು ಕೇಳಿತು. “ಊರಿಗೆ ಕಳಿಸ್ಬುಡು ಅದನ್ನ. ಈ ಮನೇಲಿ ಇರ್ಕೂಡ್ದು.”

ಅವಳ ನೋವು ನನಗೆ ಅರ್ಥವಾಗಲಿಲ್ಲ ಎಂದಲ್ಲ. ನನಗಿಂತ ಹೆಚ್ಚು ಬೆಲೆ ತೆತ್ತವಳು ಅವಳು. ಅವಳು ಒಬ್ಬಳೇ ಕೂತ ಮಣೆ ನನ್ನ ಪಾಲಿಗೆ ಕೇಳಿದ ಕತೆ. ಅವಳನ್ನು ಕೇಳದೆ ಅವಳ ಮಾತನ್ನೂ ನಾನೇ ಆಡಿಬಿಟ್ಟಿದ್ದೆ. ಆದರೂ ಕ್ಷಮೆ ಕೇಳಲಿಲ್ಲ. ಕೇಳಿದರೆ ನಲ್ಲಿಯ ಹತ್ತಿರ ಆಡಿದ ಮಾತನ್ನು ವಾಪಸು ತೆಗೆದುಕೊಂಡಂತಾಗುತ್ತಿತ್ತು.

ಮರುದಿನ ಬೆಳಿಗ್ಗೆ ಕಂಬಳಿ ಬೆವರಿಗೆ ಮುಗ್ಗಲು ಹಿಡಿದಿತ್ತು, ಬಿಸಿಲಿಗೆ ಹಾಕಬೇಕಾಗಿತ್ತು. ಹಿಂದುಗಡೆ ಬಟ್ಟೆ ಒಣಗಿಸುವ ತಂತಿ ಇತ್ತು. ನಾನು ಅದನ್ನು ಬೀದಿಯ ಕಡೆಯ ಕಾಂಪೌಂಡಿನ ಮೇಲೆ ಉದ್ದಕ್ಕೂ ಹರಡಿದೆ. ಅಮ್ಮ ಕಿಟಕಿಯಿಂದ ನೋಡಿದಳು. ಹಾಲಿನವನು ನೋಡಿದ. ಮನೆಯೊಡತಿ ಗೇಟಿನವರೆಗೆ ಬಂದು, ನಿಂತು, ಹೋದರು. ಆ ತಿಂಗಳು ಅವರು ಅಮ್ಮನೊಂದಿಗೆ ಮಾತು ಕಡಿಮೆ ಮಾಡಿದರು. ಅದನ್ನೂ ಇಲ್ಲಿ ಹೇಳಬೇಕು.

ನಾನು ಒಳಗೆ ಕೂತು ಓದುತ್ತಿರುವಂತೆ ಇದ್ದೆ. ಬಿಸಿಲು ಏರಿದ ಮೇಲೆ ಅಮ್ಮ ಕೈ ಒರೆಸಿಕೊಂಡು ಹೊರಗೆ ಹೋದಳು. ಎಳೆದು ಒಳಗೆ ತರುತ್ತಾಳೆ, ತಂದರೆ ಮತ್ತೆ ಹಾಕುತ್ತೇನೆ ಎಂದುಕೊಂಡು ಕುರ್ಚಿಯಿಂದ ಎದ್ದೆ. ಎದುರು ಮನೆಯ ಅಜ್ಜಿ ಜಗುಲಿಯಲ್ಲಿ ಕೂತು ನೋಡುತ್ತಿದ್ದರು. ಅಮ್ಮ ಅವರ ಕಡೆ ತಿರುಗಲಿಲ್ಲ. ಅವಳು ಕಂಬಳಿಯ ಎರಡು ಮೂಲೆ ಹಿಡಿದು ಎತ್ತಿ, ಒಮ್ಮೆ ಜೋರಾಗಿ ಕೊಡವಿ, ಮಗುಚಿ, ಇನ್ನೊಂದು ಮಗ್ಗುಲನ್ನು ಬಿಸಿಲಿಗೆ ಹಾಕಿದಳು.