ನಲವತ್ತೊಂದನೆಯ ಚೀಲ

ಮಣ್ಣು ಪರೀಕ್ಷೆಯ ಕೆಲಸದಲ್ಲಿ ತಲೆ ನರೆಸಿಕೊಂಡವನು ನಾನು. ಅಳೆದು ನೋಡಲಾಗದ್ದನ್ನು ನಂಬಿದವನಲ್ಲ. ಇಂಥ ಕಥೆ ಯಾರಾದರೂ ಹೇಳಿದರೆ ನಗುತ್ತಿದ್ದೆ. ನೀವೂ ನಗಬಹುದು, ಬೇಸರವಿಲ್ಲ.

ತೊಂಬತ್ತರ ದಶಕದ ಕೊನೆ. ಹೆಮ್ಮರಗಾಲದ ಕಡೆ, ಮಳೆನೀರೆಲ್ಲ ಒಂದೇ ಹಳ್ಳಕ್ಕೆ ಇಳಿಯುವ ಹೊಲಗಳಲ್ಲಿ ಮಣ್ಣು ಎಲ್ಲೆಲ್ಲಿ ಹೇಗೆ ಬದಲಾಗುತ್ತದೆಂದು ನಕ್ಷೆ ಮಾಡಬೇಕಿತ್ತು. ನನಗೊಬ್ಬನಿಗೇ ವಹಿಸಿದ ಮೊದಲ ಕೆಲಸ. ಕಚೇರಿಯಿಂದ ನಲವತ್ತು ಬಟ್ಟೆ ಚೀಲ ತಂದು, ನಲವತ್ತು ಕಡೆ ಅಗೆದು ತುಂಬಿದೆ. ಹೊತ್ತವರು ಕೆಂಪಮ್ಮ, ಆ ಊರಿಗೆ ಸೊಸೆಯಾಗಿ ಬಂದು ಮುದುಕಿಯಾದ ಕೂಲಿ ಹೆಂಗಸು. ನನ್ನ ಡಬ್ಬಿಯ ಚಿತ್ರಾನ್ನ ಕಂಡು ಬೈದು, ತಮ್ಮ ಮುದ್ದೆಯಲ್ಲಿ ಅರ್ಧ ಮುರಿದು ಕೊಡುತ್ತಿದ್ದರು.

ಜಾಗದ ಗುರುತಿಗೆ ಚೀಲದೊಳಗೆ ಹಾಕುವ ಚೀಟಿಯನ್ನು ಪೆನ್ಸಿಲ್ಲಿನಲ್ಲೇ ಬರೆಯಬೇಕು. ನಾನು ಹೊಸ ಇಂಕ್ ಪೆನ್ನಿನ ಶೋಕಿಗೆ ಬಿದ್ದಿದ್ದೆ. ಕೊನೆಯ ದಿನ ಮಧ್ಯಾಹ್ನ ನಾಲ್ಕೈದು ಚೀಲ ಬಿಚ್ಚಿದರೆ, ಹಸಿ ಮಣ್ಣಿಗೆ ಶಾಯಿ ಕದಡಿ ಒಂದಕ್ಷರವೂ ಉಳಿದಿಲ್ಲ. ಯಾವ ಮಣ್ಣು ಯಾವ ಹೊಲದ್ದೆಂದು ತಿಳಿಯದೆ ನಕ್ಷೆ ಎಲ್ಲಿಂದ ಬರಬೇಕು? ಇನ್ನೂ ಕಾಯಂ ಆಗದ ನೌಕರಿ ಹೋಯಿತೆಂದು ಹುಣಸೆಮರದ ಕೆಳಗೆ ತಲೆ ಮೇಲೆ ಕೈ ಹೊತ್ತು ಕೂತೆ.

ಕೆಂಪಮ್ಮ ಪಕ್ಕದಲ್ಲಿ ಕೂತು ಒಂದೊಂದೇ ಚೀಲಕ್ಕೆ ಕೈಹಾಕಿದರು. ಮಣ್ಣು ಉಜ್ಜಿ, ಮೂಸಿ, ಇದು ದಿಬ್ಬದ್ದು, ಇದು ಹಳ್ಳದ ದಂಡೆಯದ್ದು ಎಂದು ಹೇಳುತ್ತ ಹೋದರು. ಆಮೇಲೆ ಹತ್ತು ಕಡೆ ಮತ್ತೆ ಅಗೆದು ಹೋಲಿಸಿದೆ, ಒಂದೂ ತಪ್ಪಿರಲಿಲ್ಲ. ಇದರಲ್ಲಿ ವಿಚಿತ್ರವೇನಿಲ್ಲ, ಜೀವಮಾನವೆಲ್ಲ ಆ ಹೊಲಗಳ ಕಳೆ ಕಿತ್ತ ಕೈ ಅದು.

ಆದರೆ ಆವತ್ತು ಮರದ ಕೆಳಗೆ ನಲವತ್ತು ಮುಗಿದ ಮೇಲೂ ಒಂದು ಚೀಲ ಉಳಿದಿತ್ತು. ಬಾಯಿಗೆ ನಾನೇ ಹಾಕುವ ಗಂಟು. ಒಳಗೆ ಇಟ್ಟ ಕೈಯನ್ನು ಕೆಂಪಮ್ಮ ತೆಗೆಯಲೇ ಇಲ್ಲ.

“ಇದು ನಮ್ಮಪ್ಪನ ಹೊಳೆಹೊಲ್ದದು ಸಾ. ನಮ್ಮವ್ವನ್ನ ಅಲ್ಲೇ ಮಣ್ ಮಾಡವ್ರೆ. ಒಂದ್ ಹಿಡಿ ಮಣ್ಣಾಕಕ್ಕೂ ನಾನು ಓಗ್ನಿಲ್ಲ.”

ಅವರ ತವರು ಟಿ. ನರಸೀಪುರದ ಹತ್ತಿರ. ಅಣ್ಣನೊಂದಿಗೆ ಮುನಿಸಾಗಿ ಆ ಕಡೆ ತಲೆ ಹಾಕಿರಲಿಲ್ಲವಂತೆ. ನೀವೇ ತಂದಿಟ್ಟಿರಾ ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು.

“ತರಕ್ಕೆ ಓಗಿದ್ರೆ ಇಷ್ಟೊರ್ಸ ಯಾಕ್ ಅಳ್ತಿದ್ದೆ ಸಾ?”

ನಾವು ಅಗೆದ ಕಡೆಯೆಲ್ಲ ಕೆಂಪು ಮಣ್ಣು, ಇಲ್ಲವೇ ಕಪ್ಪು. ಇದು ಮೃದುವಾದ ಮೆಕ್ಕಲು, ಕಾಗೆಬಂಗಾರದ ಚೂರುಗಳು ಮಿನುಗುತ್ತಿದ್ದವು. ಮರುವಾರ ಚೀಲದೊಂದಿಗೆ ಅವರನ್ನೂ ಜೀಪಿನಲ್ಲಿ ಕರೆದುಕೊಂಡು ಹೋದೆ. ಪರೀಕ್ಷೆಗೆಂದು ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅವರ ಮುಖ ನೋಡಲಾಗುತ್ತಿರಲಿಲ್ಲ. ಹೊಳೆಹೊಲದಲ್ಲಿ ಅಗೆದರೆ ಅದೇ ಮಣ್ಣು. ಕೆಂಪಮ್ಮ ಚೀಲದ ಮಣ್ಣನ್ನು ಹಿಡಿಹಿಡಿಯಾಗಿ ತಾಯಿಯನ್ನು ಹೂತ ಗುಡ್ಡೆಯ ಮೇಲೆ ಹಾಕಿದರು. ದೂರ ನಿಂತಿದ್ದ ಅಣ್ಣ ಹೋಗಿ, ತಂಗಿ ಕೈ ತೊಳೆಯಲು ಒಂದು ಚೊಂಬು ನೀರು ತಂದಿಟ್ಟ. ನನ್ನ ಕಣ್ಣೂ ಒದ್ದೆಯಾಯಿತು.

ಖಾಲಿ ಚೀಲ ಕೊಡವಿದಾಗ ಒಳಗಿಂದ ಒಂದು ಚೀಟಿ ಬಿತ್ತು. ನನ್ನ ಪೆನ್ನಿನದೇ ಶಾಯಿ, ಕದಡಿತ್ತು. ಅದರಲ್ಲಿ ನಾನು ಯಾವಾಗ, ಏನು ಬರೆದಿದ್ದೆನೋ ಇವತ್ತಿಗೂ ತಿಳಿದಿಲ್ಲ.