ಭರಣಿ ಮಳೆ ತೊಳೆದ ಮೆಟ್ಟಿಲುಗಳು

ಆಗಿನ್ನೂ 'ಟೆನ್ಷನ್' ಎಂಬ ಮಾತು ನಮ್ಮ ವಿದ್ಯಾರಣ್ಯಪುರಂ ತನಕ ಬಂದಿರಲಿಲ್ಲ. ಯಾರಾದರೂ ಮಂಕಾಗಿ ಕೂತರೆ ಗಾಳಿ ಸೋಕಿದೆ ಅನ್ನುತ್ತಿದ್ದರು, ಇಲ್ಲವೇ ದೃಷ್ಟಿ ತಾಗಿದೆ ಅನ್ನುತ್ತಿದ್ದರು. ತಲೆಗೆ ಹರಳೆಣ್ಣೆ ತಟ್ಟಿ, ಕಿಟಕಿ ಮುಚ್ಚಿ ಮಲಗಿಸಿದರೆ ಚಿಕಿತ್ಸೆ ಮುಗಿದಂತೆ. ನಮ್ಮ ಬೀದಿಯೇ ಆಗ ಊರಿನ ಕೊನೆ. ಹಿತ್ತಲ ಬಾಗಿಲು ತೆಗೆದರೆ ಹುರುಳಿ ಹೊಲ, ಅದರಾಚೆ ಕುರುಚಲು ಗಿಡ, ಅದರಾಚೆ ಚಾಮುಂಡಿ ಬೆಟ್ಟ. ಬೆಟ್ಟ ಅಷ್ಟು ಹತ್ತಿರವಿದ್ದರೂ ನಮ್ಮವ್ವ ಅದನ್ನು ಕಣ್ಣೆತ್ತಿ ನೋಡಿ ಎರಡು ತಿಂಗಳಾಗಿತ್ತು.

ನನಗಾಗ ಒಂಬತ್ತು ವರ್ಷ. ಸಂಕ್ರಾಂತಿ ಕಳೆದ ಮೇಲೆ ಅವ್ವನಿಗೆ ಗಂಡು ಮಗು ಹುಟ್ಟಿತು, ತೊಟ್ಟಿಲಿಗೆ ಹಾಕುವ ಮೊದಲೇ ಹೋಗಿಬಿಟ್ಟಿತು. ಮಗು ಹೋದರೂ ಬಾಣಂತನ ಮಾತ್ರ ಹೋಗಲಿಲ್ಲ. ಅಪ್ಪನ ತಾಯಿ, ನಮ್ಮಜ್ಜಿ, ಬಾಣಂತಿಗೆ ಗಾಳಿ ಸೋಕಿದರೆ ಕೆಟ್ಟಿತು ಎಂದು ನಂಬಿದವಳು. ಅವ್ವನ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಕಿಟಕಿಯ ಸಂದಿಗೂ ಹಳೆ ಸೀರೆ ತುರುಕಿ, ಹೊತ್ತು ಹೊತ್ತಿಗೆ ಸಾಂಬ್ರಾಣಿ ಹೊಗೆ ಹಾಕುತ್ತಿದ್ದಳು. ಆ ಹೊಗೆಯೊಳಗೆ ಅವ್ವ ಗೋಡೆ ನೋಡುತ್ತಾ ಕೂತಿರುತ್ತಿದ್ದಳು. ನಿದ್ದೆಯಿಲ್ಲ, ಮಾತಿಲ್ಲ. ಮುದ್ದೆ ಮುರಿದು ತಟ್ಟೆಯಲ್ಲೇ ಬಿಡುತ್ತಿದ್ದಳು. ಅಜ್ಜಿ ಕೆಟ್ಟವಳಲ್ಲ, ತನಗೆ ತಿಳಿದ ಪ್ರೀತಿಯನ್ನೇ ಮಾಡುತ್ತಿದ್ದಳು. ಆದರೆ ಆ ಪ್ರೀತಿಯಲ್ಲಿ ನನ್ನವ್ವನಿಗೆ ಉಸಿರಾಡುವುದಕ್ಕೆ ಜಾಗವಿರಲಿಲ್ಲ.

ಒಂದು ಬೆಳಗ್ಗೆ ನಾನು ಹಿತ್ತಲಲ್ಲಿ ಕುಂಟೆಬಿಲ್ಲೆಗೆ ಮನೆ ಗೀಚುತ್ತಿದ್ದೆ. ಒಳಗೆ ಅಜ್ಜಿ ಅಪ್ಪನಿಗೆ ಹೇಳುವುದು ಕೇಳಿಸಿತು.

"ಲೋ ಮಗ, ಈ ಮನೆ ಅವ್ಳಿಗೆ ಒಗ್ತಿಲ್ಲ ಕಣೋ. ಅವ್ಳಣ್ಣನ್ನ ಕರ್ಸು, ತವರಿಗೆ ಕರ್ಕೊಂಡೋಗ್ಲಿ. ಮಗು ಇಲ್ಲೇ ಇರ್ಲಿ, ನಾನು ನೋಡ್ಕೊತೀನಿ."

ಅಪ್ಪ ಗಿರಣಿ ಕೆಲಸಕ್ಕೆ ಹೊರಟು ನಿಂತಿದ್ದರು. ಅಜ್ಜಿಯೆದುರು ಬಾಯಿ ಬಿಟ್ಟವರಲ್ಲ, ಅವತ್ತೂ ಬಿಡಲಿಲ್ಲ. 'ಮಗು' ಅಂದರೆ ನಾನು. ಹಾಗೆ ತವರಿಗೆ ಹೋದ ಹೆಂಗಸರು ನಮ್ಮ ಬೀದಿಯಲ್ಲೇ ಇಬ್ಬರಿದ್ದರು, ಅವರ ಮನೆಗಳಿಗೆ ವರ್ಷ ತಿರುಗುವುದರೊಳಗೆ ಹೊಸ ಹೆಂಡತಿಯರು ಬಂದಿದ್ದರು. ನನ್ನ ಕೈಯಲ್ಲಿದ್ದ ಬಿಲ್ಲೆ ಕೆಳಗೆ ಬಿತ್ತು. ಬಿಟ್ಟ ಬಾಣದ ಹಾಗೆ ಎರಡು ಬೀದಿ ಆಚೆಗಿದ್ದ ದೊಡ್ಡವ್ವನ ಮನೆಗೆ ಓಡಿದೆ.

ದೊಡ್ಡವ್ವ ಅವ್ವನ ಅಕ್ಕ. ಗಟ್ಟಿ ದನಿ, ದೊಡ್ಡ ಕುಂಕುಮ. ಬೆಳಗಾದರೆ ಮಾರ್ಕೆಟ್ಟಿನಲ್ಲಿ ಹೂ ಕೊಂಡು ಬಂದು ಕಟ್ಟಿ ಮನೆಮನೆಗೆ ಕೊಡುತ್ತಿದ್ದಳು. ನಾನು ಅಳುತ್ತಾ ಒದರಿದ್ದನ್ನೆಲ್ಲ ಕೇಳಿ, ಹೂವಿನ ಬುಟ್ಟಿ ಪಕ್ಕಕ್ಕಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಟ್ಟಗೆ ನಮ್ಮ ಮನೆಗೆ ನಡೆದಳು.

"ಅತ್ತೆಮ್ಮ, ಒಂದು ತಪ್ಪಾಗೋಗದೆ," ಎಂದು ಅಜ್ಜಿಯ ಮುಂದೆ ಕೂತಳು. "ಇವ್ಳಿಗೆ ಹೆರಿಗೆ ನೋವು ಬಂದಾಗ ನಾನೊಂದು ಹರಕೆ ಹೊತ್ತಿದ್ದೆ. ನನ್ನ ತಂಗಿ ಜೀವ ಉಳ್ಸು ತಾಯಿ, ಅವ್ಳ ಕೈಲೇ ನಿನ್ನ ಬೆಟ್ಟದ ಮೆಟ್ಲಿಗೆಲ್ಲ ಅರಿಶಿನ ಕುಂಕುಮ ಹಚ್ಚಿಸ್ತೀನಿ ಅಂತ. ಮರ್ತೇಬುಟ್ಟಿದ್ದೆ. ಅದಕ್ಕೇ ಇವ್ಳಿಗೆ ಇಂಗಾಗದೆ."

ಅಜ್ಜಿಯ ಮುಖ ಬಿಳಿಚಿಕೊಂಡಿತು. "ಅಯ್ಯೋ, ಅಮ್ಮನೋರ ಹರಕೆನ ಮರೀತಾರೇನೇ?"

"ಒಂದೇ ದಿನಕ್ಕೆ ಆಗೋದಲ್ಲ. ಶುಕ್ರವಾರ ಶುಕ್ರವಾರ ಕೈಲಾದಷ್ಟು ಹಚ್ಕೊಂಡು ಬತ್ತೀವಿ."

ಅಜ್ಜಿ ಬೆಟ್ಟದ ಕಡೆ ತಿರುಗಿ ಕೈ ಮುಗಿದಳು. "ಸರಿ. ಹರಕೆ ತೀರೋವರ್ಗೂ ಅಮ್ಮನೋರ ಕಾವಲಿರ್ತದೆ, ಹೋಗ್ಲಿ. ತೀರಿದ ಮೇಲೆ ತವರಿಗೆ ಕಳ್ಸೋಣ."

ಅಂಗಳ ದಾಟಿದ ಮೇಲೆ ನಾನು ದೊಡ್ಡವ್ವನ ಸೆರಗು ಜಗ್ಗಿ, ಯಾವಾಗ ಹರಕೆ ಹೊತ್ತೆ ಎಂದು ಕೇಳಿದೆ. "ಹರಕೆನೂ ಇಲ್ಲ ಗಿರಕೆನೂ ಇಲ್ಲ, ಸುಮ್ನಿರೇ," ಎಂದು ನನ್ನ ತಲೆಗೆ ಮೊಟಕಿದಳು. "ಆ ತಾಯಿನೂ ಹೆಂಗಸೇ ಅಲ್ವಾ, ಅರ್ಥ ಆಯ್ತದೆ ಬುಡು."

ಯುಗಾದಿ ಕಳೆದು ಬಂದ ಮೊದಲ ಶುಕ್ರವಾರ ಬೆಳಗ್ಗೆ ನಾವು ಮೂವರೂ ಹೊರಟೆವು. ದೊಡ್ಡವ್ವನ ಕೈಯಲ್ಲಿ ಬುತ್ತಿ, ನನ್ನ ಕೈಯಲ್ಲಿ ಅರಿಶಿನ ಕುಂಕುಮದ ಬಟ್ಟಲು. ಅವ್ವ ಕೀಲಿ ಕೊಟ್ಟ ಗೊಂಬೆಯಂತೆ ನಡೆಯುತ್ತಿದ್ದಳು. ಬೆಟ್ಟದ ಬುಡದಲ್ಲಿ ಬಾಗಿ ಮೊದಲ ಮೆಟ್ಟಿಲಿಗೆ ಅರಿಶಿನ ಬಳಿದಳು, ಕುಂಕುಮದ ಬೊಟ್ಟಿಟ್ಟಳು. ಮುಂದಿನದಕ್ಕೆ ಹತ್ತಿ ಮತ್ತೆ ಬಾಗಿದಳು. ಕಲ್ಲಿನ್ನೂ ತಣ್ಣಗಿತ್ತು. ಒಣಹುಲ್ಲಿನ ವಾಸನೆಗೆ ಅರಿಶಿನದ ಘಮ ಸೇರಿಕೊಂಡಿತ್ತು, ಪೊದೆಯೊಳಗೆ ಪಿಕಳಾರ ಹಕ್ಕಿಗಳು ಜಗಳವಾಡುತ್ತಿದ್ದವು. ಸ್ವಲ್ಪ ಮೇಲೆ ಹೋಗುತ್ತಲೇ ಅವ್ವ ಬೆವರಿ ನಿಂತಳು. ತಲೆಗೆ ಕಟ್ಟಿದ್ದ ಬಟ್ಟೆಯನ್ನು ತಾನೇ ಬಿಚ್ಚಿದಳು. ಬೀಸುಗಾಳಿ ಬಂದು ಅವಳ ಕೂದಲನ್ನೆಲ್ಲ ಕೆದರಿಹಾಕಿತು.

ಅಲ್ಲೊಂದು ಕಕ್ಕೆ ಮರ ಮೈತುಂಬ ಹಳದಿ ಹೂ ಬಿಟ್ಟಿತ್ತು. ಅದರ ನೆರಳಿನ ಮೆಟ್ಟಿಲ ಮೇಲೆ ಅವ್ವ ಕೂತಳು. ಕೂತವಳು ಹಾಗೇ ಒರಗಿದಳು. ನೋಡನೋಡುತ್ತಿದ್ದಂತೆ ಬಾಯಿ ತೆರೆದು ಗೊರಕೆ ಹೊಡೆಯತೊಡಗಿದಳು. ಎರಡು ತಿಂಗಳಿಂದ ರೆಪ್ಪೆ ಮುಚ್ಚದ ಹೆಂಗಸು!

ನನಗೆ ನಾಚಿಕೆ, ಹತ್ತಿ ಬರುವ ಜನವೆಲ್ಲ ನೋಡುತ್ತಾರಲ್ಲ ಎಂದು. ಎಬ್ಬಿಸಲು ಕೈ ಚಾಚಿದೆ. ದೊಡ್ಡವ್ವ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡಳು, ಅವಳ ಕಣ್ಣಲ್ಲಿ ನೀರು ಧಾರಾಕಾರ. ತೆಂಗಿನಕಾಯಿ ಚೀಲ ಹೊತ್ತ ಮುದುಕನೊಬ್ಬ ಬಂದವನು, ಅವ್ವನನ್ನು ನೋಡಿ, "ಮಲಕ್ಕೊಳ್ಳಿ ಬುಡವ್ವ," ಎಂದು ಪಿಸುಗುಟ್ಟಿ, ಅಂಚಿನ ಮುಳ್ಳುಗಿಡ ಸರಿಸಿಕೊಂಡು ಸುತ್ತಿ ಹೋದ. ಅವನ ಹಿಂದಿದ್ದ ಹೆಂಗಸರೂ ಮಾತು ನಿಲ್ಲಿಸಿ ಹಾಗೇ ಸುತ್ತಿ ಹೋದರು. ಅವ್ವ ಎದ್ದಾಗ ಬಿಸಿಲು ನೆತ್ತಿಗೆ ಬಂದಿತ್ತು. ಎದ್ದವಳೇ, "ಹಸಿವಾಯ್ತದೆ ಕಣಕ್ಕ," ಎಂದಳು. ದೊಡ್ಡವ್ವ ಬುತ್ತಿ ಬಿಚ್ಚಿದಳು. ಆ ಚಿತ್ರಾನ್ನದಲ್ಲಿ ನನಗೆ ಉಳಿದದ್ದು ಎರಡು ತುತ್ತು. ಅಷ್ಟು ರುಚಿಯಾದ ಊಟವನ್ನು ನಾನು ಮತ್ತೆ ಉಂಡಿಲ್ಲ.

ಅಲ್ಲಿಂದ ಶುಕ್ರವಾರ ಬಂದರೆ ನಮಗೆ ಹಬ್ಬ. ನಾನು ಮೆಟ್ಟಿಲ ಮೇಲೆ ಕುಂಟುತ್ತಾ ಹತ್ತುವುದು, ಕೋತಿಗೆ ಕಡಲೆಪುರಿ ಕೊಟ್ಟು ಬೈಸಿಕೊಳ್ಳುವುದು. ಅವ್ವನ ಬೈಗುಳ ಮತ್ತೆ ಶುರುವಾಗಿತ್ತು! ಅರ್ಧಕ್ಕಿಂತ ಮೇಲಿರುವ ಕಲ್ಲಿನ ದೊಡ್ಡ ಬಸವನ ಹತ್ತಿರ ತಲುಪಿದ ದಿನ ಅವಳು ಕೆಳಗಿನ ಊರನ್ನು ದಿಟ್ಟಿಸಿ ನೋಡಿ, "ನಮ್ಮನೆ ಎಷ್ಟು ಚಿಕ್ಕದಲ್ವಾ," ಎಂದಳು. ಅವತ್ತೇ ಮೊದಲ ಸಲ ಆ ಮಗುವಿಗೆ ಇಡಬೇಕೆಂದಿದ್ದ ಹೆಸರು ಹೇಳಿ ಅತ್ತಳು. ಅತ್ತು, ಮೂಗು ಒರೆಸಿಕೊಂಡು, ಮುಂದಿನ ಮೆಟ್ಟಿಲಿಗೆ ಅರಿಶಿನ ಬಳಿದಳು.

ಆದರೆ ಮೇಲಿನ ಮೆಟ್ಟಿಲುಗಳು ಹತ್ತಿರವಾದ ಹಾಗೆಲ್ಲ ಅವಳ ಕೈ ನಿಧಾನವಾಯಿತು. ಬೊಟ್ಟಿಟ್ಟು ಅಳಿಸಿ ಮತ್ತೆ ಇಡುವಳು. ಮನೆಯಲ್ಲಿ ಅಜ್ಜಿ ಪ್ರತಿ ವಾರ, "ಇನ್ನೆಷ್ಟು ಉಳೀತು?" ಎಂದು ಕೇಳುತ್ತಿದ್ದಳು. ಸೋದರಮಾವನಿಗೆ ಹೇಳಿಕಳಿಸಿಯೂ ಆಗಿತ್ತು. ಕೊನೆಯ ಶುಕ್ರವಾರದ ಸಂಜೆ ಅವನು ಗಾಡಿ ತರುವವನಿದ್ದ.

ಆ ಕೊನೆಯ ಶುಕ್ರವಾರ ನಾವು ಮೂವರೂ ಕಾಲೆಳೆದುಕೊಂಡು ಹತ್ತಿದೆವು. ಗುಡಿಯ ಗೋಪುರ ಕಣ್ಣೆದುರಿಗಿತ್ತು. ಇನ್ನು ನಾಲ್ಕಾರು ಮೆಟ್ಟಿಲು ಉಳಿದಿತ್ತೋ ಏನೋ, ಆಕಾಶ ಕಪ್ಪಾಗಿ ಗುಡುಗಿತು. ಭರಣಿ ಮಳೆ ಸುರಿಯಿತು ನೋಡಿ! ಹೂ ಮಾರುವವರ ಚಪ್ಪರದಡಿ ತೂರಿಕೊಂಡರೂ ತೊಯ್ದು ತೊಪ್ಪೆಯಾದೆವು. ಮಳೆ ನಿಂತು ಹೊರಗೆ ಬಂದು ಕೆಳಗೆ ಬಗ್ಗಿದರೆ, ಮೆಟ್ಟಿಲುಗುಂಟ ಹಳದಿ ಕೆಂಪು ನೀರು ಧುಮುಕುತ್ತಾ ಇಳಿಯುತ್ತಿತ್ತು. ಅಷ್ಟು ವಾರದ ಕೆಲಸವೆಲ್ಲ ಹಳ್ಳಕ್ಕೆ ಹೋಯಿತು. ದೊಡ್ಡವ್ವ, "ಹೋಗ್ಲಿ ಬುಡು ಕೆಂಪಿ, ಹಚ್ಚಿದ್ದು ಹಚ್ಚಿದಂಗೇ," ಎಂದು ಅವ್ವನಿಗೆ ಸಮಾಧಾನ ಹೇಳಲು ಹೋದಳು.

ಅವ್ವ ಇಳಿಯುತ್ತಾ ಮೆಟ್ಟಿಲುಗಳನ್ನೇ ನೋಡುತ್ತಿದ್ದಳು. ಒಂದು ಕಡೆ ಬಂಡೆಯ ಮರೆಗಿದ್ದ ಮೆಟ್ಟಿಲಿನಲ್ಲಿ ಕುಂಕುಮದ ಬೊಟ್ಟು ಹಾಗೇ ಉಳಿದಿತ್ತು. ಅವ್ವ ಅತ್ತ ಇತ್ತ ನೋಡಿದಳು. ಬಾಗಿ, ಒದ್ದೆ ಅಂಗೈಯಿಂದ ಅದನ್ನು ಚೆನ್ನಾಗಿ ಉಜ್ಜಿ ಅಳಿಸಿಬಿಟ್ಟಳು. ತಲೆಯೆತ್ತಿದಾಗ ಅವಳು ನಗುತ್ತಿದ್ದಳು. ದೊಡ್ಡವ್ವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅಕ್ಕತಂಗಿಯರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕ ನಗುವಿಗೆ ಕೋತಿಗಳು ಮರ ಬಿಟ್ಟು ಓಡಿದವು.

ಮನೆಯ ಮುಂದೆ ಗಾಡಿ ನಿಂತಿತ್ತು. ಮಾವ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ, ಅಪ್ಪ ತಲೆ ಬಗ್ಗಿಸಿ ಕಂಬಕ್ಕೆ ಒರಗಿದ್ದರು. ಅವ್ವನ ಬಟ್ಟೆ ಗಂಟನ್ನು ಅಜ್ಜಿ ಆಗಲೇ ಕಟ್ಟಿಟ್ಟಿದ್ದಳು.

"ತೀರ್ತಾ?" ಎಂದಳು ಅಜ್ಜಿ.

"ಎಲ್ಲಿ ತೀರ್ತದೆ ಅತ್ತೆ," ಎಂದಳು ಅವ್ವ. ಅಷ್ಟು ಸ್ಪಷ್ಟ ದನಿಯಲ್ಲಿ ಅವಳು ಅಜ್ಜಿಯೊಡನೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. "ನಾಲ್ಕು ಮೆಟ್ಲಿರೋವಾಗ ಮಳೆ ಬಂದು ಎಲ್ಲಾ ತೊಳ್ಕೊಂಡು ಹೋಯ್ತು. ಒಂದು ಬೊಟ್ಟೂ ಉಳೀಲಿಲ್ಲ. ಮೊದ್ಲಿಂದ ಹಚ್ಬೇಕು. ಹರಕೆ ತೀರೋವರ್ಗೂ ಅಮ್ಮನೋರ ಕಾವಲಿರ್ತದೆ ಅಂತ ನೀವೇ ಅಂದ್ರಲ್ಲ. ಈಗ ಬುಟ್ಟು ಹೋಗ್ಲಾ, ಹಚ್ಲಾ? ನೀವೇ ಹೇಳಿ."

ಅಜ್ಜಿ ಅವ್ವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒದ್ದೆ ಸೀರೆ, ಬಿಸಿಲಿಗೆ ಕಂದಿದ ಕೆನ್ನೆ, ನೇರವಾಗಿ ನಿಂತ ಕತ್ತು. ಕೊನೆಗೆ ಬಟ್ಟೆ ಗಂಟನ್ನು ಕಾಲಿನಿಂದ ಒಳಗೆ ತಳ್ಳಿ, ಮಾವನ ಕಡೆ ತಿರುಗಿದಳು. "ಕೇಳಿದ್ಯಲ್ಲಪ್ಪ, ತಾಯಿ ಇಚ್ಛೆ ಇಲ್ಲ. ಉಂಡ್ಕೊಂಡು ಗಾಡಿ ಹೊಡಿ." ಮತ್ತೆ ಅವ್ವನಿಗೆ, "ಮುಂದಿನ ವಾರ ನಾನೂ ಬತ್ತೀನಿ. ಮಳೆಗೆ ಹೋಗೋ ಅಂಗೆ ಹಚ್ತೀಯಲ್ಲ, ಅದ್ಯಾವ ಸೀಮೆ ಹಚ್ಚೋದು ಅಂತ ನೋಡ್ಬೇಕು."

ಕಂಬಕ್ಕೆ ಒರಗಿದ್ದ ಅಪ್ಪ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ನಾನು ಬೀದಿಗೆ ಓಡಿ, ಕಾರಣವೇ ಇಲ್ಲದೆ, ಕೆಸರಿನಲ್ಲಿ ಕುಣಿದೆ.

ಅಜ್ಜಿ ನಿಜವಾಗಿಯೂ ಬಂದಳು. ಬೈದುಕೊಂಡೇ ಹತ್ತಿ, ಆಮೇಲೆ ಒಂದು ಶುಕ್ರವಾರವನ್ನೂ ತಪ್ಪಿಸಲಿಲ್ಲ. ಅವ್ವ ಆ ಹರಕೆಯನ್ನು ಬದುಕಿದ್ದ ತನಕ ತೀರಿಸಲಿಲ್ಲ. ಪ್ರತಿ ವರ್ಷ ಮೇಲಿನ ನಾಲ್ಕು ಮೆಟ್ಟಿಲು ಉಳಿಸಿ, ಮೋಡ ನೋಡುತ್ತಾ ಕೂರುತ್ತಿದ್ದಳು.

ಈಗ ನನ್ನ ಮೊಮ್ಮಗಳಿಗೆ ಬೆಟ್ಟಕ್ಕೆ ಹೋಗಲು ಯಾರ ಅಪ್ಪಣೆಯೂ ಬೇಕಿಲ್ಲ, ಯಾವ ಹರಕೆಯ ನೆಪವೂ ಬೇಕಿಲ್ಲ. ಅದಕ್ಕೆ ನಾನು ಮನಸಾರೆ ಹಿಗ್ಗುತ್ತೇನೆ. ಬ್ಯಾಂಕಿನ ಕೆಲಸ ಮುಗಿಸಿ ದಣಿದು ಬಂದಾಗ ಸ್ಕೂಟರ್ ಹತ್ತಿ ಒಬ್ಬಳೇ ಹೋಗುತ್ತಾಳೆ, ಒಬ್ಬಳೇ ಬರುತ್ತಾಳೆ. ಹೇಗಿತ್ತು ಎಂದು ಕೇಳಿದರೆ, "ಗಾಳಿ ಚೆನ್ನಾಗಿತ್ತು ಅಜ್ಜಿ," ಎನ್ನುತ್ತಾಳೆ. ಅವಳು ಮೆಟ್ಟಿಲ ಮೇಲೆ ನಿದ್ದೆ ಹೋದರೆ ಯಾರೂ ಏಳಿಸದ ಹಾಗೆ ಪಕ್ಕದಲ್ಲಿ ಕೂತು ಕಾಯಲು, ಬುತ್ತಿ ಹಿಡಿದ ಒಬ್ಬ ಅಕ್ಕ ಮಾತ್ರ ಅವಳಿಗಿಲ್ಲ.